ವಿದ್ಯುಜ್ಜನಕದ ಕಾವಲುಗಾರ



ರಾತ್ರಿಯ ಹೊತ್ತು ಓದುತ್ತ ಕುಳಿತಿರುವಾಗ ಮನೆಯ ದೀಪವು ಒಮ್ಮೆ ಕಣ್ಣು ಮಿಟುಕಿಸಿದಂತಾಗಿ ಮತ್ತೆ ಮೊದಲಿನಂತೆ ಉರಿಯುವುದನ್ನು ತಾವೆಲ್ಲರೂ ಕಂಡೇ ಇರುವಿರಿ. ನಾವು ತಲೆಯೆತ್ತಿ ನೋಡುವೆವು. ದೀಪ ಉರಿಯುತ್ತಿದೆಯೆಂದು ಸಮಾಧಾನಪಟ್ಟು ಮತ್ತೆ ಪುಸ್ತಕದಲ್ಲಿ ಕಣ್ಣಿಡುವೆವು. ಹೆಚ್ಚಿನ ಸಲ ಅದು ನಮ್ಮ ಬೀದಿಯ ತಂತಿಯದೇ ತಂಟೆ. ಕೊಂಬೆಯೊಂದು ತಗುಲಿತೆಂದೋ, ಗಾಳಿ ಬೀಸಿತೆಂದೋ ಆಗುವಂಥದು. ಆದರೆ ಕೆಲವು ಸಲ ಆ ಒಂದು ಮಿಟುಕಿನ ಹಿಂದೆ, ನೂರಾರು ಮೈಲಿಗಳಾಚೆ ಬೆಟ್ಟದ ಬುಡದಲ್ಲಿರುವ ವಿದ್ಯುದಾಗಾರದಲ್ಲಿ, ಒಂದು ಭಾರಿ ಯಂತ್ರವು ಇದ್ದಕ್ಕಿದ್ದಂತೆ ಲೈನಿನಿಂದ ಕಳಚಿಕೊಂಡಿರುವುದುಂಟು. ಆಗ ಅಲ್ಲಿ ಪಾಳಿಯ ಮೇಲಿರುವ ಒಬ್ಬಿಬ್ಬರು ಒಂದು ಸಣ್ಣ ಫಲಕದ ಮುಂದೆ ನಿಂತು, ಅದರ ಮೇಲಿನ ಕೆಲವು ಕೆಂಪು ಚುಕ್ಕೆಗಳನ್ನು ನೋಡುತ್ತಿರುವರು. ಇಂದು ನಾವು ಮಾತನಾಡಬೇಕೆಂದಿರುವುದು ಆ ಫಲಕವನ್ನು ಕುರಿತು, ಮತ್ತು ಅದರ ಮೇಲಿನ ಗುಂಡಿಗಳನ್ನು ಒತ್ತುವ ಕ್ರಮವನ್ನು ಕುರಿತು.

ಈ ವಿಷಯವು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದೆಂದು ಯಾರಾದರೂ ಹೇಳಬಹುದು. ನಮ್ಮ ನಾಡಿನವರು ಹಾಗೆ ಹೇಳುವುದು ಸಲ್ಲದು. 1902ನೆಯ ಇಸವಿಯಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತು. ಶಿವನಸಮುದ್ರದ ಆ ಮೊದಲ ಯಂತ್ರಗಳು ಒಂದೊಂದೂ 720 ಕಿಲೋವ್ಯಾಟಿನವು. ಈಗ ಶರಾವತಿಯ ವಿದ್ಯುದಾಗಾರದಲ್ಲಿರುವ ಹತ್ತು ಯಂತ್ರಗಳು ಒಂದೊಂದೂ 1,03,500 ಕಿಲೋವ್ಯಾಟಿನವು. ಯಂತ್ರವು ಹೀಗೆ ನೂರು ಮಡಿಗೂ ಮೀರಿ ಬೆಳೆಯಿತು; ಅದನ್ನು ನೋಡಿಕೊಳ್ಳುವ ಮನುಷ್ಯನ ಕಣ್ಣು ಮಾತ್ರ ಅಂದು ಇದ್ದಷ್ಟೇ ಇದೆ. ಆದುದರಿಂದಲೇ ಕಣ್ಣಿಗೆ ನೆರವಾಗಿ ಒಬ್ಬ ಕಾವಲುಗಾರನನ್ನು ಇಡಬೇಕಾಯಿತು. ಆ ಕಾವಲುಗಾರನಿಗೆ ರಿಲೇ ಎಂದು ಹೆಸರು.

ಒಂದು ಲಕ್ಷ ಕಿಲೋವ್ಯಾಟಿನ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು 11,000 ವೋಲ್ಟಿನಲ್ಲಿ ಪೂರ್ಣ ಭಾರವನ್ನು ಹೊತ್ತಾಗ ಅದರ ಒಂದೊಂದು ಹಂತದಲ್ಲಿಯೂ ಸುಮಾರು 5,800 ಆಂಪೇರು ಪ್ರವಾಹವು ಹರಿಯುವುದು. ನಮ್ಮ ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುವ ಗೀಸರು ಹತ್ತು ಆಂಪೇರಿನ ಆಸುಪಾಸಿನಲ್ಲಿರುವುದೆಂಬುದನ್ನು ನೆನೆದರೆ ಇದರ ಭಾರ ತಿಳಿಯುವುದು. ಈ ಪ್ರವಾಹವು ಹರಿಯುವ ತಾಮ್ರದ ಪಟ್ಟಿಗಳನ್ನು ತೆಳ್ಳನೆಯ ಉಕ್ಕಿನ ಹಾಳೆಗಳನ್ನು ಜೋಡಿಸಿ ಮಾಡಿದ ಸ್ಟೇಟರಿನ ಗಾಡಿಗಳೊಳಗೆ ಇಟ್ಟಿರುವರು. ತಾಮ್ರಕ್ಕೂ ಉಕ್ಕಿಗೂ ನಡುವೆ ಅಭ್ರಕ ಮೊದಲಾದವುಗಳ ಹೊದಿಕೆ ಇರುವುದು. ಆ ಹೊದಿಕೆಯು ಬೆರಳ ದಪ್ಪವೂ ಇಲ್ಲ. ವರ್ಷಗಟ್ಟಲೆ ಕಾದು, ಅದುರಿ, ತೇವಗೊಂಡು, ಒಂದು ದಿನ ಅದು ಎಲ್ಲಿಯೋ ಬಿಟ್ಟಿತೆನ್ನಿ. ತಾಮ್ರ ಕರಗಿದರೆ ಪಟ್ಟಿಯನ್ನು ಬದಲಾಯಿಸಬಹುದು. ಉಕ್ಕಿನ ಹಾಳೆಗಳು ಒಂದಕ್ಕೊಂದು ಕರಗಿ ಅಂಟಿಕೊಂಡರೆ ಮಾತ್ರ ಯಂತ್ರವನ್ನು ಬಿಚ್ಚಿ ಕಟ್ಟಬೇಕು. ಅದು ವಾರಗಳ ಕೆಲಸವಲ್ಲ, ತಿಂಗಳುಗಳ ಕೆಲಸ. ಅಷ್ಟು ದಿನ ಆ ನೀರಿನ ಶಕ್ತಿ ಯಾರಿಗೂ ಒದಗದು. ಯಂತ್ರದ ಬಳಿಯಲ್ಲಿ ಕೆಲಸಗಾರರಿದ್ದರೆ ಅವರ ಪ್ರಾಣದ ಮಾತನ್ನೂ ಹೇಳಬೇಕು.

ಮನೆಯ ಫ್ಯೂಸು ತಂತಿಯು ಹೆಚ್ಚು ಪ್ರವಾಹ ಬಂದರೆ ಕರಗುವುದು. ಅದಕ್ಕೆ ವಿಚಾರ ಬೇಕಿಲ್ಲ. ರಿಲೇಯು ವಿಚಾರ ಮಾಡುವುದು. ಯಂತ್ರದ ದೊಡ್ಡ ಪ್ರವಾಹವನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಕರೆಂಟ್ ಟ್ರಾನ್ಸ್‌ಫಾರ್ಮರೆಂಬ ಉಪಕರಣವು ಸಾವಿರಾರು ಆಂಪೇರನ್ನು ಒಂದೋ ಐದೋ ಆಂಪೇರಿಗೆ ಇಳಿಸಿ ಅದಕ್ಕೆ ಕೊಡುವುದು. ಹಾಗೆಯೇ 11,000 ವೋಲ್ಟು 110 ಆಗಿ ಬರುವುದು. ಈ ಚಿಕ್ಕ ಪ್ರತಿಬಿಂಬವನ್ನು ನೋಡಿಕೊಂಡು ರಿಲೇಯು ಹಗಲಿರುಳೂ ಲೆಕ್ಕ ಹಾಕುತ್ತಿರುವುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತಗಳದಾದ್ದರಿಂದ ಒಂದು ಆವರ್ತವು ಸೆಕೆಂಡಿನ ಐವತ್ತರಲ್ಲೊಂದು ಪಾಲು. ಯಂತ್ರದ ಒಳಗೇ ಭಾರಿ ದೋಷವುಂಟಾದರೆ ಒಂದೆರಡು ಆವರ್ತಗಳಲ್ಲಿ ರಿಲೇಯು ತೀರ್ಮಾನ ಮಾಡಿ ಬ್ರೇಕರಿಗೆ ಅಪ್ಪಣೆ ಕೊಡುವುದು. ಬ್ರೇಕರು ಇನ್ನು ಕೆಲವು ಆವರ್ತಗಳಲ್ಲಿ ತೆರೆಯುವುದು. ನಾವು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಎಲ್ಲವೂ ಮುಗಿದಿರುವುದು. ಈ ಕಾರ್ಯದಲ್ಲಿ ಮನುಷ್ಯನಿಗೆ ಪಾಲೇ ಇಲ್ಲ. ಅವನ ಕೆಲಸ ಇದಾದ ಮೇಲೆ ಮೊದಲಾಗುವುದು.

ಹಳೆಯ ವಿದ್ಯುದಾಗಾರಗಳನ್ನು ನೋಡಿದವರಿಗೆ ಗೊತ್ತು: ಕಪ್ಪು ಬಣ್ಣದ ಲೋಹದ ಪೆಟ್ಟಿಗೆಗಳು, ಮುಂದೆ ಗಾಜು, ಗಾಜಿನ ಹಿಂದೆ ಮೆಲ್ಲನೆ ತಿರುಗಬಲ್ಲ ಒಂದು ಬಿಲ್ಲೆ. ಒಂದು ಪೆಟ್ಟಿಗೆಗೆ ಒಂದೇ ಕೆಲಸ. ಕೆಲಸ ಮಾಡಿದ ರಿಲೇಯಲ್ಲಿ ಒಂದು ಸಣ್ಣ ಬಾವುಟವು ಕೆಳಗೆ ಬೀಳುತ್ತಿತ್ತು. ಪೆಟ್ಟಿಗೆಯ ಕೆಳಗಿನ ಕಡ್ಡಿಯನ್ನು ಮೇಲಕ್ಕೆ ತಳ್ಳಿದರೆ ಬಾವುಟವು ಮತ್ತೆ ಮೇಲೇರುತ್ತಿತ್ತು. ಒಮ್ಮೆ ಏರಿತೆಂದರೆ ಸಾಕ್ಷಿ ಹೋಯಿತು. 1984ರಲ್ಲಿ ಅಮೆರಿಕದ ಎಡ್ಮಂಡ್ ಷ್ವೈಟ್ಸರ್ ಎಂಬವರ ಸಂಸ್ಥೆಯು ಅಂಕಿಗಳನ್ನು ಲೆಕ್ಕ ಹಾಕಿ ನಡೆಯುವ ರಿಲೇಯನ್ನು ಮಾರುಕಟ್ಟೆಗೆ ತಂದಿತು. ಅದು ಲೈನುಗಳನ್ನು ಕಾಯುವಂಥದು. ಮುಂದೆ ಯಂತ್ರಗಳನ್ನು ಕಾಯುವುದಕ್ಕೂ ಅದೇ ಜಾತಿಯವು ಬಂದವು. ಈಗ ಹತ್ತಾರು ಗಾಜಿನ ಪೆಟ್ಟಿಗೆಗಳು ಮಾಡುತ್ತಿದ್ದ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುವುದು. ಬಾವುಟ ಹೋಗಿ ಕೆಂಪು ಚುಕ್ಕೆಯ ದೀಪ ಬಂತು. ಆದರೂ ಆ ದೀಪಕ್ಕೆ ಇಂದಿಗೂ ಬಾವುಟದ ಕಾಲದ ‘ಟಾರ್ಗೆಟ್’ ಎಂಬ ಹೆಸರೇ ನಿಂತಿದೆ.

ಪೆಟ್ಟಿಗೆಯ ಮುಖವು ತಯಾರಕರಿಂದ ತಯಾರಕರಿಗೆ ಬೇರೆ. ಬಹಳ ಕಡೆ ಕಾಣುವ ಒಂದು ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇವೆ. ಎರಡು ಸಾಲು ಅಕ್ಷರ ಹಿಡಿಸುವ ಒಂದು ಚಿಕ್ಕ ತೆರೆ. ಸಾಲಿಗೆ ಹದಿನಾರು ಅಕ್ಷರ. ಅದರ ಪಕ್ಕದಲ್ಲಿ ದೀಪಗಳ ಸಾಲು. ಕೆಳಗೆ ಎಂಟು ಗುಂಡಿಗಳು. ಎಂಟೇ ಗುಂಡಿಗಳಿಂದ ಎಲ್ಲವನ್ನೂ ನಡೆಸಬೇಕಾದ್ದರಿಂದ ಒಂದೊಂದು ಗುಂಡಿಗೂ ಎರಡೆರಡು ಅರ್ಥ. ತೆರೆ ಸುಮ್ಮನಿದ್ದಾಗ ಒತ್ತಿದರೆ ಒಂದು; ಒಂದು ಪಟ್ಟಿಯೊಳಗೆ ಹೊಕ್ಕ ಮೇಲೆ ಅದೇ ಗುಂಡಿ ಬಾಣದ ಗುರುತಾಗಿ ಎಡಕ್ಕೋ ಬಲಕ್ಕೋ ಮೇಲಕ್ಕೋ ಕರೆದೊಯ್ಯುವುದು. ಹೊಸಬರಿಗೆ ಇದು ಗೊಂದಲವೆನಿಸುವುದು. ಗುಂಡಿಗಳನ್ನು ಮುಟ್ಟದೆ ಕೆಲವು ನಿಮಿಷ ಬಿಟ್ಟರೆ ತೆರೆಯು ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುವುದೆಂಬುದು ಅವರಿಗೊಂದು ಧೈರ್ಯ.

ದೀಪಗಳ ಪಕ್ಕದಲ್ಲಿ ಮಾತುಗಳಿಗಿಂತ ಅಂಕಿಗಳೇ ಹೆಚ್ಚು: 24, 32, 40, 46, 64, 87. ಜಗತ್ತಿನ ಬಹುಭಾಗದ ವಿದ್ಯುತ್ ಇಂಜಿನಿಯರುಗಳಿಗೆ ಇವು ಒಂದು ಸಮಾನ ಭಾಷೆ. ಎಲ್ಲವನ್ನೂ ಇಲ್ಲಿ ವಿವರಿಸಲಾಗದು. ಎರಡು ಮೂರನ್ನು ಹೇಳಿದರೆ ಉಳಿದವುಗಳ ರೀತಿ ತಿಳಿಯುವುದು. 87 ಎಂದರೆ ಹೋದದ್ದಕ್ಕೂ ಬಂದದ್ದಕ್ಕೂ ತಾಳೆ ನೋಡುವ ಕಾವಲು. ಸುರುಳಿಯ ಒಂದು ತುದಿಯಲ್ಲಿ ಹೊಕ್ಕ ಪ್ರವಾಹವು ಇನ್ನೊಂದು ತುದಿಯಲ್ಲಿ ಅಷ್ಟೇ ಹೊರಬರಬೇಕು. ಹಾಗೆ ಬರಲಿಲ್ಲವಾದರೆ ನಡುವೆ ಎಲ್ಲಿಯೋ ಸೋರಿದೆ. ಎಂದರೆ ಯಂತ್ರದ ಒಡಲಲ್ಲೇ ದೋಷವಿದೆ. 32 ಎಂದರೆ ಹಿಮ್ಮುಖ ಶಕ್ತಿ: ನೀರು ನಿಂತರೂ ಲೈನಿಗೆ ಸೇರಿಯೇ ಇರುವ ಯಂತ್ರವು, ಶಕ್ತಿಯನ್ನು ಕೊಡುವುದರ ಬದಲು ಲೈನಿನಿಂದ ಎಳೆದುಕೊಂಡು ಮೋಟಾರಿನಂತೆ ತಿರುಗುವುದನ್ನು ಅದು ಹಿಡಿಯುವುದು. 64 ಎಂದರೆ ಭೂಸ್ಪರ್ಶ. ದೊಡ್ಡ ಯಂತ್ರಗಳ ನಡುಬಿಂದುವನ್ನು ನೆಲಕ್ಕೆ ನೇರವಾಗಿ ಸೇರಿಸದೆ ಒಂದು ತಡೆಯ ಮೂಲಕ ಸೇರಿಸುವರು. ಆದುದರಿಂದ ಒಂದು ಹಂತವು ಉಕ್ಕನ್ನು ಮುಟ್ಟಿದರೂ ಐದು ಹತ್ತು ಆಂಪೇರಿಗಿಂತ ಹೆಚ್ಚು ಹರಿಯದು. ಉಕ್ಕು ಉಳಿಯುವುದು. ಆದರೆ ಆ ಒಂದು ಸ್ಪರ್ಶವನ್ನು ಹಾಗೆಯೇ ಬಿಟ್ಟು, ಇನ್ನೊಂದು ಹಂತವೂ ಮುಟ್ಟಿತೆಂದರೆ ಆ ಕಟ್ಟು ಕಳಚಿತು. ಆಗಿನ ಪ್ರವಾಹಕ್ಕೆ ಯಾವ ತಡೆಯೂ ಅಡ್ಡವಿರದು.

ಈಗ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಯಂತ್ರವು ಒಮ್ಮೆಲೇ ನಿಂತಿದೆ. ಗಂಟೆ ಬಾರಿಸುತ್ತಿದೆ. ಇತ್ತ ಲೋಡ್ ಡಿಸ್‌ಪ್ಯಾಚ್ ಕೇಂದ್ರದಿಂದ ಟೆಲಿಫೋನು: ‘ಏನಾಯಿತು? ಎಷ್ಟು ಹೊತ್ತಿಗೆ ಮತ್ತೆ ಸೇರಿಸುವಿರಿ?’ ಪಾಳಿಯ ಇಂಜಿನಿಯರು ಫಲಕದ ಮುಂದೆ ಬರುವನು. ಗಂಟೆಯ ಸದ್ದನ್ನು ನಿಲ್ಲಿಸಬೇಕು. ಅದಕ್ಕೆ ಬೇರೆ ಗುಂಡಿಯಿದೆ, ಅದನ್ನು ಒತ್ತಬಹುದು. ಆ ಬಳಿಕ ಅವನ ಕೈ ಸಹಜವಾಗಿ ರಿಲೇಯ ಮೊದಲ ಗುಂಡಿಯತ್ತ ಹೋಗುವುದು. ಕೆಂಪು ದೀಪ ಕಣ್ಣಿಗೆ ಚುಚ್ಚುತ್ತಿರುವಾಗ ಅದನ್ನು ಆರಿಸಬೇಕೆನಿಸುವುದು ಮನುಷ್ಯಸ್ವಭಾವ. ನಮ್ಮ ಅಭಿಪ್ರಾಯದಲ್ಲಿ ಈ ಫಲಕವನ್ನು ನಡೆಸುವ ವಿದ್ಯೆಯ ಮುಕ್ಕಾಲು ಪಾಲು ಇರುವುದು ಆ ಕ್ಷಣದಲ್ಲಿ ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುವುದರಲ್ಲಿ.

ಮೊದಲು ನೋಡಬೇಕು. ಯಾವ ಯಾವ ದೀಪಗಳು ಹೊತ್ತಿವೆ, ಎಷ್ಟು, ಯಾವ ಹಂತದವು ಎಂಬುದನ್ನು ಪಾಳಿಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಈಗ ಕಿಸೆಯಲ್ಲಿ ಛಾಯಾಚಿತ್ರ ತೆಗೆಯುವ ಟೆಲಿಫೋನು ಇರುವುದರಿಂದ ಒಂದು ಚಿತ್ರವನ್ನೂ ತೆಗೆದುಕೊಳ್ಳಬಹುದು. ಆದರೂ ಬರೆಯುವುದನ್ನು ಬಿಡಬಾರದು. ಬರೆಯುವಾಗ ಮನಸ್ಸು ಓದುವುದು. ಚಿತ್ರ ತೆಗೆಯುವಾಗ ಕೈ ಮಾತ್ರ ಕೆಲಸ ಮಾಡುವುದು. ದೊಡ್ಡ ಯಂತ್ರಗಳಿಗೆ ಸಾಮಾನ್ಯವಾಗಿ ಒಂದಲ್ಲ, ಎರಡು ರಿಲೇಗಳಿರುವುವು, ಒಂದು ತಪ್ಪಿದರೆ ಇನ್ನೊಂದು ಇರಲೆಂದು. ಎರಡನ್ನೂ ನೋಡಬೇಕು. ಒಂದರಲ್ಲಿ ದೀಪ ಹೊತ್ತಿ ಇನ್ನೊಂದರಲ್ಲಿ ಹೊತ್ತದೆ ಇದ್ದರೆ ಅದೂ ಒಂದು ಸುದ್ದಿಯೇ. ಹೊತ್ತದ ದೀಪವೂ ಮಾತನಾಡುವುದೆಂಬುದನ್ನು ಬಹಳ ಮಂದಿ ಮರೆಯುವರು.

ಈ ಓದಿನಿಂದ ಬರುವ ಫಲವೇನೆಂದು ಕೇಳಬಹುದು. 32ರ ದೀಪ ಮಾತ್ರ ಹೊತ್ತಿದ್ದರೆ ಸುರುಳಿಗಳನ್ನು ಕುರಿತು ಸಾಮಾನ್ಯವಾಗಿ ಹೆದರಬೇಕಾದುದಿಲ್ಲ. ನೀರಿನ ಕಡೆ, ಟರ್ಬೈನಿನ ಬಾಗಿಲುಗಳ ಕಡೆ, ಗವರ್ನರಿನ ಕಡೆ ಹೋಗಿ ನೋಡಬೇಕು. ಉಗಿಯಂತ್ರಗಳಿರುವ ಕಡೆಗಳಲ್ಲಿಯಂತೂ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವಾಗಲೇ ಈ ಕಾವಲು ಕೊನೆಯಲ್ಲಿ ಬ್ರೇಕರನ್ನು ತೆರೆಯುವಂತೆ ಏರ್ಪಡಿಸಿರುವುದುಂಟು; ಅಲ್ಲಿ ಆ ದೀಪವು ದೋಷದ ಗುರುತೇ ಅಲ್ಲ. 87ರ ದೀಪ ಹೊತ್ತಿದ್ದರೆ ಮಾತೇ ಬೇರೆ. ಆಗ ಡಿಸ್‌ಪ್ಯಾಚ್ ಕೇಂದ್ರಕ್ಕೆ ‘ಈ ರಾತ್ರಿ ಈ ಯಂತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಹೇಳಬೇಕು. ಬ್ರೇಕರು ತೆರೆದರೂ ಯಂತ್ರವು ಇನ್ನೂ ತಿರುಗುತ್ತಿರುವುದು, ಅದರ ಅಯಸ್ಕಾಂತಶಕ್ತಿ ಪೂರ್ತಿ ಇಳಿಯಲು ಕೆಲವು ಸೆಕೆಂಡುಗಳು ಬೇಕು. ಅಷ್ಟು ಹೊತ್ತೂ ಯಂತ್ರವು ತನ್ನ ಗಾಯಕ್ಕೆ ತಾನೇ ಬೆಂಕಿ ಊದುತ್ತಿರುವುದು. ಅಂಥ ಯಂತ್ರವನ್ನು ಒಳಗೆ ಇಳಿದು ನೋಡದೆ, ಸುರುಳಿಗಳ ಹೊದಿಕೆಯನ್ನು ಮೆಗ್ಗರಿನಿಂದ ಅಳೆಯದೆ ಮತ್ತೆ ಎಬ್ಬಿಸಿದರೆ, ಒಂದು ಪಟ್ಟಿಯನ್ನು ಬದಲಾಯಿಸಿ ಮುಗಿಯಬೇಕಾದ ಕೆಲಸವು ಇಡೀ ಸ್ಟೇಟರಿಗೆ ಬರುವುದು. 64ರ ದೀಪವು ಇವೆರಡರ ನಡುವಿನದು. ದೋಷವು ಸುರುಳಿಯಲ್ಲಿರಬಹುದು, ಇಲ್ಲವೆ ಯಂತ್ರದಿಂದ ಟ್ರಾನ್ಸ್‌ಫಾರ್ಮರಿಗೆ ಹೋಗುವ ಕೊಳವೆದಾರಿಯಲ್ಲಿ ಹಲ್ಲಿಯೋ ನೀರೋ ಸೇರಿರಬಹುದು, ಅಳತೆಯ ತಂತಿಗಳಲ್ಲೇ ಎಲ್ಲಿಯೋ ನೆಲ ಮುಟ್ಟಿರಬಹುದು. ಹುಡುಕಿಯೇ ತಿಳಿಯಬೇಕು. ಯಾವುದೇ ಆಗಲಿ, ಮುಂದಿನ ಹತ್ತು ನಿಮಿಷಗಳಲ್ಲಿ ಮಾಡಬೇಕಾದ ತೀರ್ಮಾನವು ಆ ನಾಲ್ಕು ಕೆಂಪು ಚುಕ್ಕೆಗಳ ಮೇಲೆ ನಿಂತಿದೆ.

ಇಲ್ಲಿ ಒಬ್ಬ ತಿಳಿದವರು ಆಕ್ಷೇಪಣೆ ಎತ್ತಬಹುದು: ‘ಹಳೆಯ ಬಾವುಟವನ್ನು ಏರಿಸಿದರೆ ಸಾಕ್ಷಿ ಹೋಗುತ್ತಿತ್ತು, ಸರಿ. ಹೊಸ ರಿಲೇಯಲ್ಲಿ ದೀಪವನ್ನು ಆರಿಸಿದರೂ ಒಳಗಿನ ನೆನಪಿನಲ್ಲಿ ಎಲ್ಲವೂ ಉಳಿದಿರುವುದಲ್ಲ? ಇವೆಂಟ್ಸ್ ಎಂಬ ಗುಂಡಿಯನ್ನು ಒತ್ತಿದರೆ ದಿನಾಂಕ, ವೇಳೆ, ಪ್ರವಾಹಗಳು ಎಲ್ಲವೂ ತೆರೆಯ ಮೇಲೆ ಬರುವುವಲ್ಲ?’ ಬರುವುವು, ನಿಜ. ಆ ಗುಂಡಿಯು ಬಹಳ ಉಪಕಾರಿ. ಗಣಕವನ್ನು ಜೋಡಿಸಿದರೆ ದೋಷದ ಹೊತ್ತಿನ ಅಲೆಗಳ ಚಿತ್ರವನ್ನೇ ತೆಗೆದುಕೊಳ್ಳಬಹುದು. ಆದರೆ ನೆನಪಿಗೆ ಮಿತಿಯುಂಟು. ಹೊಸ ಘಟನೆಗಳು ಬಂದಂತೆ ಹಳೆಯವು ಅಳಿಯುತ್ತ ಹೋಗುವುವು. ಯಂತ್ರವನ್ನು ಎರಡು ಮೂರು ಸಲ ಎಬ್ಬಿಸಲು ಯತ್ನಿಸಿ, ನಡುನಡುವೆ ಪರೀಕ್ಷೆ ಮಾಡಿ, ಮೂರನೆಯ ದಿನ ನೋಡಿದರೆ ನಮಗೆ ಬೇಕಾದುದೇ ತಳಕ್ಕೆ ಸರಿದಿರಬಹುದು. ಅದೂ ಹೋಗಲಿ. ಒಳಗೆ ದಾಖಲೆ ಇದೆಯೆಂಬ ಧೈರ್ಯದಿಂದ ದೀಪವನ್ನು ಆರಿಸಿದವನು ಆ ದಾಖಲೆಯನ್ನು ಓದುವುದು ನಾಳೆ. ಯಂತ್ರವನ್ನು ಎಬ್ಬಿಸುವುದು ಇಂದು. ತೊಡಕಿರುವುದು ಅಲ್ಲಿ.

ಆ ಮೊದಲ ಗುಂಡಿಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ನಾವು ಹೇಳುತ್ತಿರುವ ಮಾದರಿಯಲ್ಲಿ ‘ಟಾರ್ಗೆಟ್ ರೀಸೆಟ್’ ಮತ್ತು ‘ಲ್ಯಾಂಪ್ ಟೆಸ್ಟ್’ ಎಂಬ ಎರಡು ಹೆಸರುಗಳೂ ಒಂದೇ ಗುಂಡಿಗೆ ಬರೆದಿವೆ. ಒತ್ತಿದರೆ ಎಲ್ಲ ದೀಪಗಳೂ ಒಮ್ಮೆ ಹೊತ್ತಿ, ಯಾವ ದೀಪವೂ ಕೆಟ್ಟಿಲ್ಲವೆಂದು ತೋರಿಸಿ, ಆರುವುವು. ಅದರೊಡನೆಯೇ ಹಿಂದಿನ ಗುರುತುಗಳೂ ಆರುವುವು. ಪಾಳಿ ಬದಲಾಗುವಾಗ ದೀಪಗಳನ್ನು ಪರೀಕ್ಷಿಸುವುದು ಒಳ್ಳೆಯ ಪದ್ಧತಿ. ಆದರೆ ಹಿಂದಿನ ಪಾಳಿಯವರು ಯಂತ್ರವು ನಿಂತ ಕಾರಣವನ್ನು ಇನ್ನೂ ಬರೆಯದೆ ಇದ್ದಾಗ, ಹೊಸದಾಗಿ ಬಂದವನು ಶ್ರದ್ಧೆಯಿಂದ ದೀಪ ಪರೀಕ್ಷಿಸಿದನೆನ್ನಿ; ಒಳ್ಳೆಯ ಪದ್ಧತಿಯೇ ಗುರುತನ್ನು ಒರಸಿಹಾಕಿತು. ತಯಾರಕರು ಗುಂಡಿಗಳನ್ನು ಉಳಿಸಲು ಹೀಗೆ ಮಾಡಿದರೆಂದು ತೋರುತ್ತದೆ. ನಮಗೆ ಇದು ಅಷ್ಟಾಗಿ ಹಿಡಿಸದು.

ಇನ್ನೊಂದು ಗುರುತನ್ನು ಇದರೊಡನೆ ಕಲಸಬಾರದು. ಫಲಕದ ಮೇಲೆ, ರಿಲೇಯ ಪಕ್ಕದಲ್ಲಿಯೋ ಕೆಳಗೋ, 86 ಎಂಬ ಸಂಖ್ಯೆಯ ಒಂದು ಹಿಡಿಯುಳ್ಳ ಉಪಕರಣವಿರುವುದು. ಭಾರಿ ದೋಷಗಳಲ್ಲಿ ರಿಲೇಯು ಇದಕ್ಕೆ ಅಪ್ಪಣೆ ಕೊಡುವುದು. ಇದು ಬ್ರೇಕರನ್ನೂ ಅಯಸ್ಕಾಂತದ ಪ್ರವಾಹವನ್ನೂ ಟರ್ಬೈನಿನ ನೀರನ್ನೂ ಒಟ್ಟಿಗೆ ನಿಲ್ಲಿಸಿ, ಬೀಗ ಹಾಕಿದಂತೆ ತಾನೂ ನಿಂತುಬಿಡುವುದು. ಮನುಷ್ಯನು ಕೈಯಿಂದ ಹಿಡಿಯನ್ನು ತಿರುಗಿಸುವವರೆಗೆ ಯಂತ್ರವು ಮತ್ತೆ ಲೈನಿಗೆ ಸೇರದು. ರಿಲೇಯ ದೀಪವನ್ನು ಆರಿಸಿದರೆ 86 ಬಿಡಿಸಿಕೊಳ್ಳದು. 86ನ್ನು ಬಿಡಿಸಿದರೆ ದೀಪ ಆರದು. ಕೈಯೇ ಬೇಕೆಂದು ಹೀಗೆ ಮಾಡಿರುವುದು ಬೇಕೆಂದೇ. ದೋಷವನ್ನು ಹುಡುಕಿ ತಿಳಿದವನೇ ಆ ಹಿಡಿಯನ್ನು ತಿರುಗಿಸಲೆಂಬುದು ಉದ್ದೇಶ.

ಅಪಾಯದ ರಾತ್ರಿಗಳು ವರ್ಷಕ್ಕೆ ಕೆಲವೇ. ಉಳಿದ ದಿನಗಳಲ್ಲಿ ಈ ಫಲಕದಿಂದ ಪ್ರಯೋಜನವಿಲ್ಲವೆ? ನಮ್ಮ ಮಟ್ಟಿಗೆ ಹೆಚ್ಚು ಪ್ರಯೋಜನವಿರುವುದು ಆ ದಿನಗಳಲ್ಲೇ. ಮೀಟರ್ ಎಂಬ ಗುಂಡಿಯನ್ನು ಒತ್ತಿದರೆ ಯಂತ್ರದ ನಾಡಿಯನ್ನು ಹಿಡಿದಂತೆ. ಮೂರು ಹಂತಗಳ ಪ್ರವಾಹಗಳು, ವೋಲ್ಟುಗಳು, ಅವುಗಳ ನಡುವಿನ ಕೋನಗಳು ಒಂದರ ಹಿಂದೆ ಒಂದು ಬರುವುವು. ಯಂತ್ರವು 5,800 ಆಂಪೇರನ್ನು ಹೊತ್ತಿದ್ದರೂ, 87ರ ಕಾವಲು ನೋಡುವ ವ್ಯತ್ಯಾಸವು ಬಹುಮಟ್ಟಿಗೆ ಸೊನ್ನೆಯಾಗಿರಬೇಕು. ಹೊಸ ಯಂತ್ರಕ್ಕೆ ಮೊದಲು ಭಾರ ಹಾಕಿದ ದಿನ ಇದನ್ನು ನೋಡುವುದು ಕಡ್ಡಾಯ: ಕರೆಂಟ್ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರೆ ವ್ಯತ್ಯಾಸವು ಸೊನ್ನೆಯಾಗುವ ಬದಲು ಭಾರದ ಎರಡರಷ್ಟಾಗಿ ತೋರುವುದು. ವೋಲ್ಟುಗಳಲ್ಲಿ ಒಂದು ಹಂತ ಮಾತ್ರ ಬಹಳ ಕಡಿಮೆ ತೋರಿದರೆ, ಯಂತ್ರಕ್ಕೆ ಏನೋ ಆಯಿತೆಂದು ಗಾಬರಿಯಾಗುವ ಮೊದಲು ಅಳತೆಯ ಫ್ಯೂಸು ಹೋಗಿದೆಯೇ ಎಂದು ನೋಡಬೇಕು. ಮೂರು ಹಂತಗಳ ಭಾರವು ಸಮನಾಗಿಲ್ಲದಿದ್ದರೆ 46ರ ಅಂಕಿ ಏರುವುದು. ಆ ಅಸಮತೆಯು ರೋಟರಿನ ಮೈಯಲ್ಲಿ ಸೆಕೆಂಡಿಗೆ ನೂರು ಆವರ್ತಗಳ ಪ್ರವಾಹವನ್ನು ಎಬ್ಬಿಸಿ ಅದನ್ನು ಕಾಯಿಸುವುದರಿಂದ, ನೂರಕ್ಕೆ ಕೆಲವೇ ಅಂಶಗಳನ್ನು ಮಾತ್ರ ಯಂತ್ರವು ಸದಾಕಾಲ ತಡೆಯಬಲ್ಲುದು.

ಇವೆಲ್ಲಕ್ಕಿಂತ ನಮಗೆ ಕುತೂಹಲಕರವಾದುದು ಇನ್ನೊಂದು ಅಂಕಿ. ಯಾವ ಯಂತ್ರವೂ ಶುದ್ಧವಾದ ಐವತ್ತು ಆವರ್ತಗಳ ಅಲೆಯನ್ನೇ ಕೊಡುವುದಿಲ್ಲ. ವೀಣೆಯ ತಂತಿಯನ್ನು ಮೀಟಿದಾಗ ಮೂಲ ಸ್ವರದೊಡನೆ ಮೇಲಿನ ಸ್ವರಗಳೂ ಸಣ್ಣಗೆ ನುಡಿಯುವಂತೆ, ಇಲ್ಲಿಯೂ ಮೂರು ಮಡಿಯ, ಎಂದರೆ ನೂರೈವತ್ತು ಆವರ್ತಗಳ ಒಂದು ಸಣ್ಣ ಅಲೆ ಸೇರಿರುವುದು. ಯಂತ್ರದ ನಡುಬಿಂದುವಿನಲ್ಲಿ ಅದು ಕೆಲವು ವೋಲ್ಟುಗಳಷ್ಟು ಕಾಣುವುದು. ಸಾಮಾನ್ಯ ಭೂಸ್ಪರ್ಶದ ಕಾವಲು ಸುರುಳಿಯ ನೂರಕ್ಕೆ ತೊಂಬತ್ತೈದು ಪಾಲನ್ನು ನೋಡಬಲ್ಲುದು. ನಡುಬಿಂದುವಿಗೆ ಅಂಟಿದ ಕೊನೆಯ ಐದು ಪಾಲಿನಲ್ಲಿ ವೋಲ್ಟೇ ಇಲ್ಲದ್ದರಿಂದ ಅಲ್ಲಿ ಅದು ಕುರುಡು. ಆ ಐದು ಪಾಲನ್ನು ಕಾಯುವುದು ಈ ಸಣ್ಣ ಅಲೆ: ಅಲ್ಲಿ ನೆಲ ಮುಟ್ಟಿದರೆ ನಡುಬಿಂದುವಿನ ಆ ಸ್ವರವು ಅಡಗುವುದು. ಈ ಅಂಕಿಯು ಭಾರ ಏರಿಳಿದಂತೆ ತಾನೂ ಬದಲಾಗುವುದರಿಂದ, ಕಾಲು ಭಾರ, ಅರ್ಧ ಭಾರ, ಪೂರ್ಣ ಭಾರಗಳಲ್ಲಿ ಅದೆಷ್ಟೆಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಕಾವಲಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ತಿಳಿಯದು. ದಿನಕ್ಕೊಮ್ಮೆ ಮೀಟರ್ ಗುಂಡಿಯನ್ನು ಒತ್ತಿ ಬರೆದುಕೊಂಡವನಿಗೆ ಫಲಕದ ದಾರಿಗಳೂ ಕೈಗೆ ಬಂದಿರುವುವು. ಅಪಾಯದ ರಾತ್ರಿಯಲ್ಲಿ ಅವನು ಎಂಟು ಗುಂಡಿಗಳ ನಡುವೆ ತಡಕಾಡನು.

ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬದಲಾಯಿಸುವುದಕ್ಕೆ ಅಡ್ಡಿಗಳುಂಟು, ಇರಬೇಕಾದವೇ. ಸೆಟ್ ಎಂಬ ಗುಂಡಿಯ ಮೂಲಕ ಕಾವಲಿನ ಗೆರೆಗಳನ್ನು ಬದಲಾಯಿಸಬೇಕಾದರೆ ಪಾಸ್‌ವರ್ಡೆಂಬ ಗುಟ್ಟಿನ ಮಾತನ್ನು ಬಾಣದ ಗುಂಡಿಗಳಿಂದ ಒಂದೊಂದೇ ಅಕ್ಷರವಾಗಿ ಕೂಡಿಸಿ ಒಪ್ಪಿಸಬೇಕು. ತಯಾರಕರು ಕೊಟ್ಟ ಮೂಲ ಮಾತು ಅವರ ಕೈಪಿಡಿಯಲ್ಲೇ ಅಚ್ಚಾಗಿರುವುದು. ಅದನ್ನು ಮೊದಲ ದಿನವೇ ಬದಲಾಯಿಸಬೇಕು. ಒಂದು ಕಡೆ ನಾವು ಹೊಸ ಮಾತನ್ನು ಕಾಗದದ ಚೂರಿನಲ್ಲಿ ಬರೆದು ಫಲಕದ ಮೇಲೆಯೇ ಅಂಟಿಸಿದ್ದನ್ನು ನೋಡಿದೆವು. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿದಂತೆ!

ಯಂತ್ರವು ನಡೆಯುತ್ತಿರುವಾಗ ಗೆರೆಗಳನ್ನು ಬದಲಾಯಿಸುವುದರಲ್ಲಿ ಇನ್ನೊಂದು ವಿಷಯವುಂಟು. ಹೊಸ ಅಂಕಿಗಳನ್ನು ಒಪ್ಪಿಕೊಳ್ಳುವಾಗ ಕೆಲವು ಮಾದರಿಗಳಲ್ಲಿ ರಿಲೇಯು ಕ್ಷಣಕಾಲ ಕಾವಲನ್ನು ಬಿಡುವುದು. ‘ಎನೇಬಲ್’ ಎಂಬ ಹಸಿರು ದೀಪವು ಆರಿ ಮತ್ತೆ ಹೊತ್ತುವುದು. ಆ ಹೊತ್ತಿನಲ್ಲಿ ಇನ್ನೊಂದು ರಿಲೇಯು ಎಚ್ಚರವಾಗಿದೆಯೇ ಎಂದು ನೋಡಿಕೊಂಡಿರಬೇಕು. ಇನ್ನು ಕಂಟ್ರೋಲ್ ಎಂಬ ಗುಂಡಿಯಿಂದ ಬ್ರೇಕರನ್ನೇ ತೆರೆಯಬಹುದು, ಮುಚ್ಚಬಹುದು. ಇದಕ್ಕೆ ಗುಟ್ಟಿನ ಮಾತು ಸಾಲದೆಂದು, ಕೆಲವು ಮಾದರಿಗಳಲ್ಲಿ ಪೆಟ್ಟಿಗೆಯ ಒಳಗೆ ಒಂದು ಸಣ್ಣ ಲೋಹದ ಕೊಂಡಿಯನ್ನೂ ಇಟ್ಟಿರುವರು. ಅದು ಸ್ಥಾನದಲ್ಲಿಲ್ಲದಿದ್ದರೆ ಗುಂಡಿಗೆ ಬೆಲೆಯಿಲ್ಲ. ಯಂತ್ರಗಳ ಬ್ರೇಕರನ್ನು ಸೇರಿಸಲು ಬೇರೆ ಏರ್ಪಾಟಿರುವುದರಿಂದ ಈ ಕೊಂಡಿಯನ್ನು ತೆಗೆದೇ ಇಡುವುದು ಲೇಸು.

ಸ್ಟೇಟಸ್ ಎಂಬುದೊಂದು ಗುಂಡಿಯಿದೆ; ಅದು ರಿಲೇಯ ಸ್ವಂತ ಆರೋಗ್ಯವನ್ನು ಹೇಳುವುದು. ಹಳೆಯ ರಿಲೇಯ ಬಿಲ್ಲೆ ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಪರೀಕ್ಷೆ ಮಾಡುವವರೆಗೆ ಅಥವಾ ದೋಷ ಬರುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾವಲುಗಾರನು ಸತ್ತಿದ್ದರೂ ನಿಂತೇ ಇರುತ್ತಿದ್ದನು. ಹೊಸ ರಿಲೇಯು ತನ್ನ ನೆನಪನ್ನೂ ತನ್ನ ವೋಲ್ಟುಗಳನ್ನೂ ತಾನೇ ಸದಾ ಪರೀಕ್ಷಿಸಿಕೊಳ್ಳುತ್ತಿರುವುದು. ಅದರಲ್ಲೊಂದು ಜಾಣ್ಮೆಯ ಏರ್ಪಾಟಿದೆ: ಆರೋಗ್ಯವಾಗಿರುವವರೆಗೆ ಅದು ಗಂಟೆಯ ಸಂಪರ್ಕವನ್ನು ಬಲದಿಂದ ತೆರೆದು ಹಿಡಿದಿರುವುದು. ಶಕ್ತಿ ತಪ್ಪಿದರೆ ಹಿಡಿತವೂ ತಪ್ಪಿ, ಸಂಪರ್ಕವು ತಾನಾಗಿ ಮುಚ್ಚಿ ಗಂಟೆ ಬಾರಿಸುವುದು. ಆ ಗಂಟೆಯ ತಂತಿಯನ್ನು ಜೋಡಿಸದೆ ಬಿಟ್ಟ ಫಲಕಗಳಿಲ್ಲದಿಲ್ಲ. ಹಾಗೆ ಬಿಟ್ಟರೆ ಹಳೆಯ ಬಿಲ್ಲೆಯ ಕಾಲಕ್ಕೇ ಹಿಂತಿರುಗಿದಂತೆ.

ಕಡೆಯದಾಗಿ ಗಡಿಯಾರ. 2003ನೆಯ ಇಸವಿ ಆಗಸ್ಟ್ 14ರಂದು ಅಮೆರಿಕದ ಈಶಾನ್ಯಭಾಗದಲ್ಲೂ ಕೆನಡಾದ ಒಂದು ಭಾಗದಲ್ಲೂ ಕತ್ತಲೆ ಕವಿದುದನ್ನು ಕೇಳಿರುವಿರಿ. ಅಂದು 500ಕ್ಕೂ ಹೆಚ್ಚು ವಿದ್ಯುಜ್ಜನಕಗಳು ನಿಂತವು. ಮೊದಲು ಬಿದ್ದದ್ದು ಯಾವುದು, ಅದರಿಂದ ಬಿದ್ದದ್ದು ಯಾವುದು ಎಂಬ ಸರಪಳಿಯನ್ನು ಬಿಡಿಸಲು ವಿಚಾರಣೆಯವರು ರಿಲೇಗಳ ಮತ್ತು ಇತರ ಉಪಕರಣಗಳ ದಾಖಲೆಗಳನ್ನು ತರಿಸಿದರು. ಎಷ್ಟೋ ಗಡಿಯಾರಗಳು ಒಂದಕ್ಕೊಂದು ಹೊಂದಿಕೆಯಾಗಿರಲಿಲ್ಲ. ಸೆಕೆಂಡಿನ ಭಾಗಗಳಲ್ಲಿ ನಡೆದುಹೋದ ಘಟನೆಗಳನ್ನು ಹಿಂದುಮುಂದಾದ ವೇಳೆಗಳಿಂದ ಮತ್ತೆ ಪೋಣಿಸುವುದು ಅವರಿಗೆ ಬಹಳ ದುಡಿಮೆಯ ಕೆಲಸವಾಯಿತು. ಈಗ ದೊಡ್ಡ ವಿದ್ಯುದಾಗಾರಗಳಲ್ಲಿ ಉಪಗ್ರಹಗಳಿಂದ ಬರುವ ವೇಳೆಯನ್ನು ಎಲ್ಲ ರಿಲೇಗಳಿಗೂ ಹಂಚುವ ಏರ್ಪಾಟಿದೆ. ಅದಿದ್ದರೂ ವಾರಕ್ಕೊಮ್ಮೆಯಾದರೂ ಫಲಕದ ಮೇಲೆ ವೇಳೆಯನ್ನು ಕರೆದು ನೋಡುವುದು ಲೇಸು. ಆ್ಯಂಟೆನಾದ ತಂತಿಯನ್ನು ಇಲಿ ಕಡಿದಿರಬಹುದು; ರಿಪೇರಿಗೆಂದು ಪೆಟ್ಟಿಗೆಯ ಶಕ್ತಿಯನ್ನು ತೆಗೆದಾಗ, ಒಳಗಿನ ಬ್ಯಾಟರಿ ಮುಗಿದಿದ್ದರೆ, ಗಡಿಯಾರವು ಯಾವುದೋ ಹಳೆಯ ವರ್ಷದಿಂದ ಮತ್ತೆ ಎಣಿಸಲು ತೊಡಗಿರಬಹುದು. ಗಂಟೆ ನಿಮಿಷಗಳು ಸರಿಯಾಗಿವೆಯೆಂದು ಅಲ್ಲಿಗೇ ಬಿಡದೆ, ದಿನಾಂಕವನ್ನೂ ಇಸವಿಯನ್ನೂ ಓದಿ, ಪಾಳಿಯ ಪುಸ್ತಕದಲ್ಲಿ ಒಂದು ಗುರುತು ಹಾಕಬೇಕು.